ರಕ್ತಪಿಶಾಚಿಯ ಮೇಲಂಗಿ

ಕಳೆದ ರವಿವಾರ ನಮ್ಮ ಮನೆಯಲ್ಲಿ ಸಣ್ಣದೊಂದು ವ್ಯಾಜ್ಯ ನಡೆಯಿತು. ಹಳೆಯ ಬಟ್ಟೆಗೆ ಹೊಸ ಪಾತ್ರೆ ಕೊಡುವ ಬಾಯಿ ನಮ್ಮ ಚಾಳಿನ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿದ್ದಳು. ನಮ್ಮಾಕೆ ಅಟ್ಟದ ಟ್ರಂಕಿನಿಂದ ನಮ್ಮ ತೀರ್ಥರೂಪರ ಕರಿಕೋಟನ್ನೇ ಹೊರತೆಗೆದಳು. ಅವರು ಸಾಲಿ ಮಾಸ್ತರಾಗಿದ್ದಾಗ ಇನ್‌ಸ್ಪೆಕ್ಟರ ಸಾಹೇಬರು ಬರುವ ದಿನ ಮಾತ್ರ ತೊಡುತ್ತಿದ್ದ ಕೋಟು ಅದು. “ಇದನ್ನಿನ್ನು ತೊಡುವವರಾರು? ನೀವೋ, ನಿಮ್ಮ ಮಗನೋ?” ಎಂದಳು. ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾವು ಬಾಗಿಲಿಗೆ ಅಡ್ಡ ನಿಂತು, ಡ್ರಾಕ್ಯುಲಾನ ಮೇಲಂಗಿಯ ಕಥೆ ಹೇಳತೊಡಗಿದೆವು. ವಾಚಕರು ನಗಬಾರದು.

1931ರಲ್ಲಿ ಅಮೇರಿಕೆಯ ಯುನಿವರ್ಸಲ್ ಕಂಪನಿಯವರು ‘ಡ್ರಾಕ್ಯುಲಾ’ ಬೋಲಪಟ ತೆಗೆದರು. ಅದರಲ್ಲಿ ರಕ್ತ ಹೀರುವ ಸರದಾರನಾಗಿ ಕರಿಯ ಮೇಲಂಗಿ ಹೊದ್ದು ಮೆಟ್ಟಿಲಿಳಿದು ಬಂದವನು ಬೇಲಾ ಲುಗೋಸಿ. ಈತನ ಮನೆತನದ ಹೆಸರು ಬ್ಲಾಸ್ಕೋ. 1882ರಲ್ಲಿ ಹುಟ್ಟಿದ ಊರು ಲುಗೋಶ್. ಅಂದು ಹಂಗೇರಿಯಲ್ಲಿತ್ತು, ಇಂದು ರುಮೇನಿಯದಲ್ಲಿದೆ. ನಟನಾದ ಮೇಲೆ ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ. ಮುಂಬಯಿಯ ಬಾಗಿಲುಗಳ ಮೇಲೆ ಗೋಕಾಕ, ಹುಬ್ಬಳ್ಳಿ, ಬೈಲಹೊಂಗಲ ಎಂದು ಫಲಕ ಹಾಕಿಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೇರಿಕೆಗೆ ಹೋದ ಹೊಸದರಲ್ಲಿ ಇಂಗ್ಲಿಷು ಬಾರದೆ, ಮಾತುಗಳನ್ನು ಬರಿಯ ಉಚ್ಚಾರದಿಂದ ಬಾಯಿಪಾಠ ಮಾಡಿ ರಂಗಕ್ಕೆ ಏರುತ್ತಿದ್ದನಂತೆ. ಆ ಎಳೆದಾಡುವ ಪರದೇಶಿ ಉಚ್ಚಾರವೇ ಮುಂದೆ ಜಗತ್ತಿನ ಪಿಶಾಚಿಗಳಿಗೆಲ್ಲ ಮಾತೃಭಾಷೆಯಾಯಿತು!

ಈ ಚಿತ್ರಕ್ಕೆ ಆತನಿಗೆ ಸಿಕ್ಕ ಸಂಬಳ ವಾರಕ್ಕೆ 500 ಡಾಲರಿನಂತೆ ಏಳು ವಾರಕ್ಕೆ 3,500 ಡಾಲರು. ಕಂಪನಿ ಗಳಿಸಿದ್ದು ಬೇರೆ ಲೆಕ್ಕ. ಆಮೇಲೆ ಆತನಿಗೆ ಬಂದವೆಲ್ಲ ಹೆಚ್ಚಾಗಿ ಅಂಥವೇ ಪಾತ್ರಗಳು, ಕಡೆಕಡೆಗೆ ಅವೂ ಇಲ್ಲ. 1956ರಲ್ಲಿ ತೀರಿಕೊಂಡಾಗ ಕೈ ಬರಿದಾಗಿತ್ತು. ಮಗನೂ ಮಗನ ತಾಯಿಯೂ ನಿಶ್ಚಯಿಸಿ, ಡ್ರಾಕ್ಯುಲಾನ ಒಂದು ಮೇಲಂಗಿಯನ್ನು ಹೊದಿಸಿಯೇ ಹೂಳಿದರು. ಇಂಥ ಮೇಲಂಗಿಗಳು ಒಂದಕ್ಕಿಂತ ಹೆಚ್ಚಿದ್ದವು. 1931ರ ಚಿತ್ರದಲ್ಲಿ ಹೊದ್ದದ್ದು ಮಾತ್ರ ಮನೆಯಲ್ಲೇ ಉಳಿಯಿತು.

ಈ ಮಗ ಮುಂದೆ ವಕೀಲನಾದ. ತಂದೆಯ ಮುಖವನ್ನು ಕಂಪನಿಯವರು ಆಟಿಕೆ, ಅಂಗಿಗಳ ಮೇಲೆ ಅಚ್ಚುಹಾಕಿಸಲು ಪರವಾನಿಗೆ ಕೊಟ್ಟು ಹಣ ಮಾಡುತ್ತಿದ್ದರು. ಮನೆಯವರು ದಾವೆ ಹೂಡಿದರು. ಆ ಹಕ್ಕು ನಟನೊಡನೆಯೇ ಮುಗಿಯಿತು, ವಾರಸುದಾರರಿಗೆ ಬಾರದು ಎಂದು 1979ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕೆಲವು ವರ್ಷಗಳ ಮೇಲೆ ಅಲ್ಲಿನ ಸರಕಾರ ಕಾಯದೆಯನ್ನೇ ಬದಲಿಸಿತೆನ್ನಿ. ದಿನವಿಡೀ ಫೈಲು ನೋಡುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಅರ್ಜಿದಾರ ಸೋತ ಮೇಲೆಯೇ ನಿಯಮ ತಿದ್ದುಪಡಿಯಾಗುವುದು. ಅಂತೂ ಅಪ್ಪನ ಮುಖ ಮಗನದಲ್ಲ, ಅಪ್ಪನ ಬಟ್ಟೆ ಮಾತ್ರ ಮಗನದು.

2011ರಲ್ಲಿ ಆ ಬಟ್ಟೆ ಲಿಲಾವಿಗೆ ಬಂತು. ಚಿತ್ರದ ಸಾಮಾನು ಸಂಗ್ರಹಿಸುವ ಧನಿಕರು ಕೇಳುವ ಮೊದಲ ಪ್ರಶ್ನೆ, ಅಸಲೋ ನಕಲೋ ಎಂಬುದು. ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಸರಪಳಿ ಕಡಿಯದೆ ಇರಬೇಕು. ಇಲ್ಲಿ ಅದು ಕಡಿದಿರಲಿಲ್ಲ, ಮನೆಯಿಂದಲೇ ಬಂದ ವಸ್ತು. 10 ಲಕ್ಷ ಡಾಲರಿಗೂ ಮೀರಿದ ಬೆಲೆಯ ನಿರೀಕ್ಷೆಯಿತ್ತು. ಆದರೆ ಬಿಕರಿಯಾಗಲಿಲ್ಲ! ಅದೇ ಚಿತ್ರದ ಗೋಡೆ ಜಾಹಿರಾತೊಂದು, ಥಿಯೇಟರಿನವರು ಆಟ ಬದಲಾದಾಗ ಹರಿದೆಸೆಯುವಂಥ ಕಾಗದ, 2017ರ ಲಿಲಾವಿನಲ್ಲಿ 5,25,800 ಡಾಲರಿಗೆ ಹೋಯಿತು. ಮೇಲಂಗಿ ಮನೆಗೆ ಮರಳಿತು. 2019ರಲ್ಲಿ ಮನೆಯವರು ಅದನ್ನು ಲಾಸ್ ಏಂಜಲೀಸಿನ ಅಕಾಡೆಮಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು.

“ಅಷ್ಟು ಹಣ ಕೊಟ್ಟರೆ ನೀವು ಕೊಡುತ್ತಿದ್ದಿರೋ?” ಎಂದು ನಮ್ಮಾಕೆ ಕೇಳಿದಳು.

ನಾವು ಕೋಟಿನ ಜೇಬಿಗೆ ಕೈಹಾಕಿದೆವು. ಸೀಮೆಸುಣ್ಣದ ಒಂದು ಚೂರು ಸಿಕ್ಕಿತು. ಅದನ್ನು ನೋಡಿ ಆಕೆಯೇ ಕೋಟನ್ನು ಮಡಿಚಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಳು. ಬಾಯಿಯೂ ಬರಿಗೈಯಲ್ಲಿ ಹೋಗಲಿಲ್ಲ. ನಮ್ಮ ಎರಡು ಪ್ಯಾಂಟುಗಳಿಗೆ ಒಂದು ಸ್ಟೀಲಿನ ಡಬರಿ ಇಟ್ಟುಹೋದಳು. ಅವುಗಳಲ್ಲೊಂದನ್ನು ನಾವು ಸೋಮವಾರ ಕಚೇರಿಗೆ ತೊಡುವವರಿದ್ದೆವು.