ಮೂರನೆಯವನ ಲೆಕ್ಕ

ಹೊಸ ಪಕ್ಷದ ಮಾತೆತ್ತಿದರೆ ಸಾಕು, ನಮ್ಮ ಹಾಸ್ಟೆಲಿನ ರಾಜಕೀಯ ಪಂಡಿತರದೆಲ್ಲ ಒಂದೇ ರಾಗ: 'ಗೆಲ್ಲೋದಿಲ್ಲ ಬಿಡ್ರೀ, ಓಟು ದಂಡ.' ಇನ್ನು ಕೆಲವರು ಗಾದೆ ಒಪ್ಪಿಸುತ್ತಾರೆ: ಇಬ್ಬರ ಜಗಳ ಮೂರನೆಯವನಿಗೆ ಲಾಭ. ಎರಡೂ ಅರ್ಧಸತ್ಯ ಅಂತ ನನ್ನ ವಾದ. ಮೂರನೆಯವನು ದೇಶ ಗೆಲ್ಲಬೇಕಾಗಿಲ್ಲ, ದಿಲ್ಲಿಯ ತಕ್ಕಡಿ ಅಲುಗಿಸಿದರೆ ಸಾಕು. ಲಾಭವೋ, ಅದು ನಾಲ್ಕನೆಯವನ ಪಾಲಾಗಬಹುದು. ನಂಬಿಕೆ ಬಾರದಿದ್ದರೆ ಕಲ್ಕತ್ತದ ಕಡೆ ನೋಡಿ.

ಪಶ್ಚಿಮ ಬಂಗಾಳಕ್ಕೆ ಲೋಕಸಭೆಯಲ್ಲಿ 42 ಸ್ಥಾನ. 1996ರಲ್ಲಿ ಎಡರಂಗಕ್ಕೆ 33, ಕಾಂಗ್ರೆಸ್ಸಿಗೆ 9. ಇಬ್ಬರದೇ ಆಟ. ರಾಜ್ಯದ ಕಾಂಗ್ರೆಸ್ಸಿಗರು ಎಡರಂಗವನ್ನು ನೆಟ್ಟಗೆ ಎದುರಿಸುತ್ತಿಲ್ಲ ಅನ್ನೋದು ಕಾಂಗ್ರೆಸ್ಸಿನವರೇ ಆಗಿದ್ದ ಮಮತಾ ಬ್ಯಾನರ್ಜಿಯವರ ಸಿಟ್ಟು. 1998ರ ಜನವರಿ 1ರಂದು ತೃಣಮೂಲ ಕಾಂಗ್ರೆಸ್ ಹುಟ್ಟಿತು. ಮುಂದಿನ ತಿಂಗಳೇ ಮತದಾನ. ಕೂಸಿಗೆ ಸಿಕ್ಕಿದ್ದು ನೂರಕ್ಕೆ ಸುಮಾರು 24 ಓಟು, 7 ಸ್ಥಾನ! ಕಲ್ಕತ್ತ ನಗರದ ಮೂರೂ ಕ್ಷೇತ್ರ, ಪಕ್ಕದ ಜಾದವ್‌ಪುರ, ಹೌರಾ ಎಲ್ಲ ಅದರ ಕೈಗೆ ಬಂದವು.

ಸ್ವಾರಸ್ಯ ಇರೋದು ಇಲ್ಲೇ. ಎಡರಂಗದ ಮೊತ್ತ ಎಷ್ಟಾಯ್ತು? ಮತ್ತೆ ಅದೇ 33. ಕಾಂಗ್ರೆಸ್ಸಿನ 9 ಮಾತ್ರ 1ಕ್ಕೆ ಇಳಿಯಿತು. ಮಾಲ್ಡಾದ ಘನಿಖಾನ್ ಚೌಧರಿ ಒಬ್ಬರೇ ಉಳಿದರು. ತೃಣಮೂಲದ ಜೊತೆ ಹೊಂದಾಣಿಕೆ ಮಾಡಿಕೊಂಡಿದ್ದ ಬಿಜೆಪಿ ಡಂಡಂನಲ್ಲಿ ಗೆದ್ದಿತು. ಯಾರನ್ನು ಉರುಳಿಸಲು ಪಕ್ಷ ಕಟ್ಟಿದರೋ ಅವರ ಮೊತ್ತ ಕದಲಲಿಲ್ಲ, ಬಿಟ್ಟುಬಂದ ಮನೆಯ ತೊಲೆ ಮುರಿಯಿತು.

ಈಗ ದಿಲ್ಲಿಗೆ ಬನ್ನಿ. 1998ರ ಮಾರ್ಚ್ 28ರಂದು ವಾಜಪೇಯಿ ವಿಶ್ವಾಸಮತ ಗೆದ್ದದ್ದು 274ಕ್ಕೆ 261ರಿಂದ. ತೃಣಮೂಲದವರು ಸರ್ಕಾರದ ಪರ ಇದ್ದರು. ಆ ಏಳು ಮಂದಿ ಹಳೇ ಕಾಂಗ್ರೆಸ್ ಬೆಂಚಿನಲ್ಲೇ ಕೂತಿದ್ದರೆ? 267ಕ್ಕೆ 268. ಕೂಡಿ ಕಳೆದು ನೀವೇ ನೋಡಿ. ಹಾಗೇ ಆಗ್ತಿತ್ತು ಅಂತ ನಾನು ಆಣೆ ಮಾಡಲಾರೆ. ಆದರೆ ಮೂರು ತಿಂಗಳು ತುಂಬದ ಪಕ್ಷವೊಂದು ಅಷ್ಟು ಭಾರ ತೂಗಿತ್ತು ಅನ್ನೋದು ಸುಳ್ಳಲ್ಲ.

ಬಂಗಾಳದ ಕಥೆ ನಮಗ್ಯಾಕೆ ಅನ್ನಬೇಡಿ. ನಮ್ಮಲ್ಲೂ ಜನತಾದಳದಿಂದ ಹೊರಬಿದ್ದ ರಾಮಕೃಷ್ಣ ಹೆಗಡೆ ಲೋಕಶಕ್ತಿ ಕಟ್ಟಿ, ಅದೇ ಚುನಾವಣೆಯಲ್ಲಿ ಬಿಜೆಪಿಯ ಕೈಹಿಡಿದರು. ಲೋಕಶಕ್ತಿಗೆ ಬಂದದ್ದು ಬರೀ 3. ಆದರೆ ಕರ್ನಾಟಕದಲ್ಲಿ ಬಿಜೆಪಿ 6ರಿಂದ 13ಕ್ಕೆ ಏರಿತು, ಜನತಾದಳ 16ರಿಂದ 3ಕ್ಕೆ ಬಿತ್ತು. ಇಲ್ಲೂ ಬಿಟ್ಟುಬಂದ ಮನೆಗೇ ಪೆಟ್ಟು.

ಓಟು ಎಷ್ಟು ಅನ್ನೋದಕ್ಕಿಂತ ಎಲ್ಲಿ ಬಿತ್ತು ಅನ್ನೋದು ಮುಖ್ಯ. ಅಮೆರಿಕದಲ್ಲಿ 1992ರಲ್ಲಿ ರಾಸ್ ಪೆರೋ ನೂರಕ್ಕೆ ಸುಮಾರು 19 ಓಟು ಪಡೆದೂ ಒಂದು ರಾಜ್ಯವನ್ನೂ ಗೆಲ್ಲಲಿಲ್ಲ. ಓಟು ದೇಶದ ತುಂಬ ಚದುರಿತ್ತು. ತೃಣಮೂಲದ ಗೆಲುವು ಕಲ್ಕತ್ತದ ಸುತ್ತ ಒತ್ತೊತ್ತಾಗಿ ಬೆಳೆದ ಪೈರು.

ಹಾಗಾದರೆ ಹೊಸಬರಿಗೆ ಓಟು ಹಾಕಬಾರದೇ? ಧಾರಾಳವಾಗಿ ಹಾಕೋಣ. ಇಬ್ಬರೇ ಗುತ್ತಿಗೆ ಹಿಡಿದ ಪ್ರಜಾಪ್ರಭುತ್ವ ಯಾರಿಗೆ ಬೇಕು? ಆದರೆ ಓಟು ಕೇಳಲು ಬಂದವರನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಬೇಕು: 'ಗೆದ್ದ ಮೇಲೆ ದಿಲ್ಲಿಯಲ್ಲಿ ಯಾರ ಪಕ್ಕ ಕೂರುತ್ತೀರಿ?' 1998ರಲ್ಲಿ ತೃಣಮೂಲದವರೂ ಲೋಕಶಕ್ತಿಯವರೂ ಚುನಾವಣೆಗೆ ಮುಂಚೆಯೇ ಕೈ ಜೋಡಿಸಿದ್ದರು, ಮತದಾರನಿಗೆ ಗೊತ್ತಿತ್ತು. ಅಷ್ಟು ಪ್ರಾಮಾಣಿಕತೆಯಾದರೂ ಬೇಕು. ಅದೇ ತೃಣಮೂಲ 2009ರಲ್ಲಿ 19 ಸ್ಥಾನ ಹೊತ್ತು ಕಾಂಗ್ರೆಸ್ಸಿನ ಪಕ್ಕ ಕೂತಿತು. ಪಕ್ಷ ಅದೇ, ತಕ್ಕಡಿಯ ತಟ್ಟೆ ಬೇರೆ.

ಓಟು ದಂಡ ಆಗೋದಿಲ್ಲ ಗೆಳೆಯರೇ. ಕೇಳದೆ ಹಾಕಿದರೆ, ನಾವು ನೆನೆಸದ ಕಡೆ ಹೋಗಿ ಕೂರುತ್ತೆ. ನನಗಿರೋ ಭಯ ಅದೊಂದೇ.