ಸರ್ವಿಸ್ ಆದ ಮೇಲೆ ಟ್ರ್ಯಾಕ್ಟರ್ ಜಗ್ಗವಲ್ದು ಅಂದ್ರೆ ಪಂಪ್ ಬಿಚ್ಚಬ್ಯಾಡ್ರಿ, ಕೈ ಹಾಕಿದ ಜಾಗ ನೋಡ್ರಿ

"ಸರ್ವಿಸ್ ಮಾಡ್ಸೀನಿ ಅಣ್ಣಾ, ಮೊದ್ಲಿಗಿಂತ ಕಡಿಮಿ ಜಗ್ಗಾಕತ್ತೈತಿ."

ಕಬ್ಬಿನ ಹಂಗಾಮು ಶುರುವಾದ ಮೊದಲ ಎರಡು ವಾರದಲ್ಲಿ ಈ ಫೋನ್ ನನಗೆ ಪ್ರತಿ ವರ್ಷ ಬರುತ್ತದೆ. ಜಮಖಂಡಿಯಿಂದ ಬರಬಹುದು, ಮುಧೋಳದಿಂದ ಬರಬಹುದು, ಬೀಳಗಿ ಅಥವಾ ಬನಹಟ್ಟಿ ಕಡೆಯಿಂದಲೂ ಬರಬಹುದು. ಇವರೆಲ್ಲ ಜೀವಾಮೃತ, ಹಸಿರೆಲೆ ಗೊಬ್ಬರದ ಬಗ್ಗೆ ಕೇಳಲು ನನ್ನ ನಂಬರ್ ಇಟ್ಟುಕೊಂಡವರು. ನಾನು ಮೆಕ್ಯಾನಿಕ್ ಅಲ್ಲ, ತೋಟಗಾರಿಕೆ ಓದಿದವನು. ಆದರೆ ಇದೇ ಪೆಟ್ಟು ನಾನೂ ತಿಂದಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ಹಂಗಾಮಿಗೆ ನಾಲ್ಕು ದಿನ ಇರುವಾಗ ನನ್ನ ಹಳೆಯ ಟ್ರ್ಯಾಕ್ಟರ್ ಸರ್ವಿಸ್‌ಗೆ ಬಿಟ್ಟೆ. ಆಯಿಲ್, ಡಿಸೇಲ್ ಫಿಲ್ಟರ್ ಎಲ್ಲ ಬದಲಾಯಿಸಿ ಕೊಟ್ಟರು. ಮನೆಗೆ ಬರುವಾಗ ಚೆನ್ನಾಗಿಯೇ ಬಂತು. ಮರುದಿನ ಕಬ್ಬು ಹೇರಿಕೊಂಡು ಹೊರಟರೆ ಏರಿನಲ್ಲಿ ಉಸಿರು ಬಿಟ್ಟಿತು. ಗ್ಯಾರೇಜಿಗೆ ಒಯ್ದೆ, ಏರ್ ತೆಗೆದು ಕೊಟ್ಟರು, ಒಂದು ತಾಸು ಸರಿ ಓಡಿತು, ಮತ್ತೆ ಅದೇ ಕಥೆ. "ಪಂಪ್ ಹೋಗೇತ್ರಿ" ಅಂದರು. ಪಂಪ್ ಬಿಚ್ಚಿಸಿ ಕ್ಯಾಲಿಬ್ರೇಶನ್‌ಗೆ ಕಳಿಸಿದೆ, ನೋಝಲ್ ಬದಲಿಸಿದೆ. ಐದು ದಿನ ಹೋಯಿತು. ಕಡಿದ ಕಬ್ಬು ಹೊಲದಲ್ಲೇ ಒಣಗುತ್ತಾ ಬಿತ್ತು. ಕಡಿದ ಕಬ್ಬು ದಿನ ದಿನಕ್ಕೆ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ, ಇದು ನಿಮಗೆ ನಾನು ಹೇಳಬೇಕಿಲ್ಲ. ಕಡಿಯುವ ಗ್ಯಾಂಗಿನವರು ಸುಮ್ಮನೆ ಕೂತರು, ಅವರ ಊಟದ ಖರ್ಚೂ ನನ್ನ ಮೇಲೆ.

ಕೊನೆಗೆ ನಮ್ಮೂರಿನ ಒಬ್ಬ ಹಿರಿಯ ಡ್ರೈವರ್ ಕಾಕಾ ಬಂದು ಒಂದೇ ಪ್ರಶ್ನೆ ಕೇಳಿದರು. "ಟಾಕಿ ತುಂಬ ಡಿಸೇಲ್ ಇದ್ದಾಗೂ ಹಿಂಗ ಮಾಡತೈತೇನು?"

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನೋಡಿದರೆ ಟಾಕಿ ತುಂಬಿದ್ದಾಗ ಸರಿ, ಅರ್ಧಕ್ಕಿಂತ ಕೆಳಗೆ ಇಳಿದಾಗ ತಕರಾರು. ಡಿಸೇಲ್ ಟಾಕಿಯಿಂದ ಮೊದಲು ಬಂದು ಬೀಳುವ ಗಾಜಿನ ಬಟ್ಟಲು ಇರುತ್ತದಲ್ಲ, ನೀರು ಕಸ ಕೆಳಗೆ ಕೂರುವುದು, ಅದನ್ನು ತೊಳೆದು ಹಾಕುವಾಗ ಹಳೆಯ ರಬ್ಬರ್ ರಿಂಗನ್ನೇ ಮತ್ತೆ ಕೂರಿಸಿದ್ದರು. ರಿಂಗ್ ಒಂದು ಕಡೆ ಚಪ್ಪಟೆಯಾಗಿತ್ತು. ಟಾಕಿ ತುಂಬಿದ್ದಾಗ ಮೇಲಿನ ಡಿಸೇಲ್ ಒತ್ತಡಕ್ಕೆ ಗಾಳಿ ಒಳಗೆ ಬರುತ್ತಿರಲಿಲ್ಲ, ಸ್ವಲ್ಪ ಜಿನುಗುತ್ತಿತ್ತು ಅಷ್ಟೇ. ಡಿಸೇಲ್ ಇಳಿದ ಮೇಲೆ ಫೀಡ್ ಪಂಪ್ ಜಗ್ಗುವಾಗ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಬಟ್ಟಲಿನ ಸುತ್ತ ಧೂಳು ಹಸಿಯಾಗಿ ಅಂಟಿಕೊಂಡಿತ್ತು. ಐದು ದಿನ ಅದು ನನ್ನ ಕಣ್ಣ ಮುಂದೆಯೇ ಇತ್ತು ನೋಡ್ರಿ. ಪಂಪಿಗೆ ಏನೂ ಆಗಿರಲಿಲ್ಲ.

ಅದಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಿನ್ನೆವರೆಗೆ ಜಗ್ಗುತ್ತಿದ್ದ ಗಾಡಿ ಸರ್ವಿಸ್ ಆದ ಮರುದಿನ ಜಗ್ಗುತ್ತಿಲ್ಲ ಅಂದರೆ, ಒಂದೇ ರಾತ್ರಿಯಲ್ಲಿ ಎಂಜಿನ್ ಮುದಿಯಾಗಿಲ್ಲ. ಯಾರೋ ಕೈ ಹಾಕಿದ ಜಾಗದಲ್ಲೇ ತಪ್ಪು ಇದೆ, ಹತ್ತರಲ್ಲಿ ಒಂಬತ್ತು ಸಲ ಅದು ರಿಂಗು, ವಾಷರ್, ಕ್ಲಿಪ್ಪಿನಂಥ ಸಣ್ಣದು. ನಾವು ಮಾತ್ರ ಸೀದಾ ದೊಡ್ಡ ಖರ್ಚಿನ ಕಡೆ ಓಡುತ್ತೇವೆ. ಎಲೆ ಹಳದಿಯಾದ ಕೂಡಲೇ ಯೂರಿಯಾ ಚೀಲ ಬಿಚ್ಚುವ ಚಾಳಿಯೂ ಇದೇ.

ಮೊದಲ ಪರೀಕ್ಷೆಗೆ ಪಾನಾ ಬೇಡ, ಕಿವಿ ಸಾಕು. ಲೋಡ್ ಬಿದ್ದಾಗ ಎಂಜಿನ್ ಸದ್ದು ಏರುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಸರ್ವಿಸ್‌ನಲ್ಲಿ ಕ್ಲಚ್ ಪೆಡಲ್ ಬಿಗಿ ಮಾಡಿ ಫ್ರೀ ಪ್ಲೇ ಇಲ್ಲದಂತೆ ಮಾಡಿದ್ದರೆ ಹೀಗಾಗುತ್ತದೆ. ಎಂಜಿನ್ ಸದ್ದೇ ಕುಸಿಯುತ್ತಿದೆ ಅಂದರೆ ಎಂಜಿನ್ ಕಡೆ ನೋಡಬೇಕು, ಅಥವಾ ಬ್ರೇಕ್ ಕಚ್ಚಿ ಹಿಡಿದಿರಬೇಕು. ಬ್ರೇಕ್ ನೋಡುವುದು ಸುಲಭ: ಸಮ ನೆಲದಲ್ಲಿ ನ್ಯೂಟ್ರಲ್ ಮಾಡಿ ಇಬ್ಬರು ತಳ್ಳಿ ನೋಡ್ರಿ. ಖಾಲಿ ಓಡಿಸಿ ಬಂದ ಮೇಲೆ ಬ್ರೇಕಿನ ಹತ್ತಿರ ಕೈ ಹಿಡಿದು ನೋಡ್ರಿ, ಒಂದು ಕಡೆ ಮಾತ್ರ ಸುಡುತ್ತಿದ್ದರೆ ಗೊತ್ತಾಯಿತಲ್ಲ.

ಇನ್ನೊಂದು ಪುಕ್ಕಟೆ ಪರೀಕ್ಷೆ. ಲೋಡ್ ಇಲ್ಲದೆ ಎಕ್ಸಲೇಟರ್ ಪೂರ್ತಿ ಕೊಟ್ಟಾಗ ಮೀಟರ್ ಮುಳ್ಳು ಎಲ್ಲಿಯವರೆಗೆ ಹೋಗುತ್ತದೆ? ಮೊದಲು ಹೋಗುತ್ತಿದ್ದಷ್ಟು ಈಗ ಹೋಗದಿದ್ದರೆ ಎಕ್ಸಲೇಟರ್ ರಾಡ್ ಅಥವಾ ಕೇಬಲ್ ಪೂರ್ತಿ ಎಳೆಯುತ್ತಿಲ್ಲ ಅಂತ ಇರಬಹುದು. ಒಂದು ನಟ್ ತಿರುಗಿಸುವ ಕೆಲಸ. ಇದಕ್ಕೆ ನೋಝಲ್ ಬದಲಿಸಿದವರನ್ನೂ ನೋಡಿದ್ದೇನೆ.

ಆಮೇಲೆ ಹೊಗೆ. ಕರಿ ಹೊಗೆ ಅಂದರೆ ಡಿಸೇಲ್ ಹೆಚ್ಚು, ಇಲ್ಲವೇ ಗಾಳಿ ಕಡಿಮೆ. ಆಯಿಲ್ ತುಂಬುವ ಹಳೆಯ ಏರ್ ಕ್ಲೀನರ್ ಇದ್ದರೆ ಒಳಗೆ ಗೆರೆ ಇರುತ್ತದೆ. "ಇನ್ನೊಂಚೂರು ಇರಲಿ" ಅಂತ ಗೆರೆ ದಾಟಿಸಿ ತುಂಬಿದರೆ ಎಂಜಿನ್ ಗಾಳಿಗೆ ಒದ್ದಾಡುತ್ತದೆ, ಆ ಆಯಿಲನ್ನೇ ಒಳಗೂ ಎಳೆದುಕೊಳ್ಳುತ್ತದೆ. ಆಗ ಹೊಗೆ ನೀಲಿ. ಪೈಪಿನಲ್ಲಿ ಒರೆಸುವ ಬಟ್ಟೆ ಮರೆತು ಹೋದದ್ದೂ ಉಂಟು, ನಗಬೇಡ್ರಿ. ಬಿಳಿ ಹೊಗೆ ಬಂದು ಎಂಜಿನ್ ಸಪ್ಪಗಾದರೆ ಪಂಪ್ ಬಿಚ್ಚಿ ಕೂರಿಸುವಾಗ ಟೈಮಿಂಗ್ ಗುರುತು ತಪ್ಪಿ ತಡವಾಗಿರಬಹುದು. ಮುಂಚೆ ಆಗಿದ್ದರೆ ಕಲ್ಲು ಕುಟ್ಟಿದ ಹಾಗೆ ಸದ್ದು ಮಾಡುತ್ತದೆ. ಹೊಗೆಯಲ್ಲಿ ಏನೂ ಬದಲಾವಣೆ ಇಲ್ಲ, ಆದರೂ ಉಸಿರು ಬಿಡುತ್ತಿದೆ ಅಂದರೆ ಡಿಸೇಲ್ ಸರಿಯಾಗಿ ಮುಟ್ಟುತ್ತಿಲ್ಲ. ನನ್ನದು ಇದೇ ಆಗಿತ್ತು.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಸೋಲುವ ಗಾಡಿಯದು ಬೇರೆ ಕಥೆ. ಟ್ಯಾಪೆಟ್ ಬಿಗಿ ಮಾಡಿರುತ್ತಾರೆ. ಲೋಹ ಬಿಸಿಯಾದಾಗ ಹಿಗ್ಗುತ್ತದೆ, ಇರಬೇಕಾದ ಸಂದು ಇಲ್ಲವಾಗಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒತ್ತಡ ಸೋರುತ್ತದೆ. ಎಷ್ಟು ಸಂದು ಬಿಡಬೇಕು, ಎಂಜಿನ್ ತಣ್ಣಗಿದ್ದಾಗ ಅಳೆಯಬೇಕೋ ಬಿಸಿ ಇದ್ದಾಗ ಅಳೆಯಬೇಕೋ ಎಂಬುದು ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇದೆ. ಫೀಲರ್ ಗೇಜ್ ಹಿಡಿಯದೆ ಬೆರಳಿನ ಅಂದಾಜಿನಲ್ಲಿ ಮಾಡಿದರೆ ಒಪ್ಪಬೇಡಿ. ನೋಝಲ್ ಕೆಳಗಿನ ತಾಮ್ರದ ವಾಷರ್ ಕೂಡ ಹೀಗೇ. ಹಳೆಯದು ತಳದಲ್ಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಹಾಕಿದರೆ ನೋಝಲ್ ಮೇಲಕ್ಕೆ ಉಳಿದು ಡಿಸೇಲ್ ಸಿಂಪಡಣೆಯೇ ಕೆಡುತ್ತದೆ.

ಕಾರು, ಪಿಕಪ್ ಇಟ್ಟವರೂ ಕೇಳುತ್ತಾರೆ. ಪೆಟ್ರೋಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗಿನ ಕನೆಕ್ಷನ್ ಸಡಿಲ ಉಳಿದಿದೆಯೇ, ಏರ್ ಪೈಪಿನ ಕ್ಲಿಪ್ ಬಿಗಿಯಾಗಿದೆಯೇ, ಯಾವುದಾದರೂ ಸೆನ್ಸರ್ ಪ್ಲಗ್ ಕೂರಿಸಲು ಮರೆತಿದ್ದಾರೆಯೇ ನೋಡ್ರಿ. ಬ್ಯಾಟರಿ ತೆಗೆದು ಹಾಕಿದ್ದರೆ ಕೆಲವು ಗಾಡಿಗಳು ಸ್ವಲ್ಪ ದೂರ ಓಡುವವರೆಗೆ ಐಡಲ್‌ನಲ್ಲಿ ಏರುಪೇರು ಮಾಡುತ್ತವೆ. ಅದು ತಾನೇ ಸರಿಹೋಗುತ್ತದೆ, ಗಾಬರಿ ಬೇಡ.

ಈಗ ನನಗೆ ಸಿಟ್ಟು ಬರುವ ವಿಷಯ. ಗಾಡಿ ಜಗ್ಗುತ್ತಿಲ್ಲ ಅಂದ ಕೂಡಲೇ ಪಂಪಿನ ಸೀಲ್ ಒಡೆದು ಸ್ಕ್ರೂ ತಿರುವಿ ಡಿಸೇಲ್ ಹೆಚ್ಚು ಮಾಡುವುದು. ನಮ್ಮ ಹಳೆಯ ಗಾಡಿಗಳ ಎಷ್ಟೋ ಪಂಪ್‌ಗಳು ಬೆಂಗಳೂರಿನ ಮೈಕೋದವು. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಆಯಿತು, ಹಳ್ಳಿಯಲ್ಲಿ ಇನ್ನೂ ಮೈಕೋ ಪಂಪ್ ಅಂತಲೇ ಕರೆಯುತ್ತೇವೆ. ಆ ಪಂಪು ಎಷ್ಟು ಡಿಸೇಲ್ ಬಿಡಬೇಕು ಎಂಬುದನ್ನು ಮಷಿನ್ ಮೇಲೆ ಅಳೆದು ಸೀಲ್ ಮಾಡಿರುತ್ತಾರೆ. ಸ್ಕ್ರೂ ತಿರುವಿದರೆ ಎರಡು ದಿನ ಗಾಡಿ ಹುಲಿಯ ಹಾಗೆ ಜಗ್ಗುತ್ತದೆ, ನಿಜ. ಆದರೆ ಅಸಲಿ ತಪ್ಪು ಒಳಗೇ ಉಳಿಯುತ್ತದೆ. ಸುಡದ ಡಿಸೇಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್ ತೆಳ್ಳಗಾಗುತ್ತದೆ, ಎಂಜಿನ್ ಕಾಯುತ್ತದೆ, ಎಕರೆಗೆ ಹೋಗುವ ಡಿಸೇಲ್ ಏರುತ್ತದೆ. "ಪಿಕಪ್ ಹೆಚ್ಚ ಮಾಡಿಕೊಡ್ರಿ" ಅಂತ ಕೇಳುವವರು ನಾವೇ. ಮೆಕ್ಯಾನಿಕ್‌ನನ್ನು ಬೈದು ಏನು ಪ್ರಯೋಜನ?

ಹೊಸ ಗಾಡಿ ಇದ್ದವರಿಗೆ ಒಂದು ಎಚ್ಚರಿಕೆ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ನಿಯಮ ಬಂದಿದೆ, ಅವುಗಳಲ್ಲಿ ಕಾಮನ್ ರೈಲ್ ಇರುತ್ತದೆ. ಒಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಹಳೆಯ ಗಾಡಿಯಂತೆ ಎಂಜಿನ್ ಓಡುವಾಗ ನೋಝಲ್ ಪೈಪ್ ಸಡಿಲ ಮಾಡಿ ನೋಡಲು ಹೋಗಬೇಡಿ, ಡಿಸೇಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈ ಕಳೆದುಕೊಳ್ಳುವ ಗಾಯ ಅದು. ಲೈಟ್ ಬಂದರೆ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಿ.

ಗ್ಯಾರೇಜಿನವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಸಮೀರವಾಡಿ ಇರಲಿ, ಮುಧೋಳ ಇರಲಿ, ಕಾರ್ಖಾನೆ ಶುರುವಾಗುವ ಸುದ್ದಿ ಬಂದ ವಾರವೇ ಇಡೀ ಸೀಮೆಯ ಗಾಡಿಗಳು ಅವರ ಬಾಗಿಲಲ್ಲಿ ನಿಲ್ಲುತ್ತವೆ. ರಾತ್ರಿ ಹನ್ನೊಂದಕ್ಕೆ ಹತ್ತನೇ ಗಾಡಿಗೆ ಕೈ ಹಾಕಿದವನು ರಿಂಗ್ ಮರೆಯದೆ ಇನ್ನೇನು ಮಾಡಿಯಾನು? ಹಂಗಾಮು ಮುಗಿದ ಮೇಲೆ, ಏಪ್ರಿಲ್-ಮೇನಲ್ಲಿ ಸರ್ವಿಸ್ ಮಾಡಿಸ್ರಿ. ಆಗ ಅವರಿಗೂ ಪುರಸೊತ್ತು ಇರುತ್ತದೆ, ತಪ್ಪು ಉಳಿದರೂ ಮುಂಗಾರು ಕೆಲಸದಲ್ಲಿ, ಮನೆ ಹತ್ತಿರದ ಹೊಲದಲ್ಲೇ ಗೊತ್ತಾಗುತ್ತದೆ. ಹಂಗಾಮಿಗೆ ಮುಂಚೆ ಆಯಿಲ್ ನೋಡುವುದು, ಏರ್ ಕ್ಲೀನರ್ ಸ್ವಚ್ಛ ಮಾಡುವುದು, ಇಷ್ಟು ಮನೆಯಲ್ಲೇ ಆಗುತ್ತದೆ.

ಕೈಯಲ್ಲಿ ಫೋನ್ ಇದೆಯಲ್ಲ, ಅದನ್ನು ಬಳಸ್ರಿ. ಗಾಡಿ ಬಿಡುವ ಮುಂಚೆ ಬೆಳಿಗ್ಗೆ ಮೊದಲ ಸ್ಟಾರ್ಟ್‌ನ ಸದ್ದು, ಹೊಗೆ, ಮೀಟರ್ ಮುಳ್ಳು ಏರುವುದು, ಇಷ್ಟರ ಒಂದು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಸರ್ವಿಸ್ ಆದ ಮೇಲೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬಿಚ್ಚಿದ ಹಳೆಯ ಸಾಮಾನು, ರಿಂಗು ವಾಷರ್ ಸಮೇತ, ವಾಪಸ್ ಕೇಳಿ ತನ್ನಿ. ಏನೇನು ಬಿಚ್ಚಿದರು ಅಂತ ಬರೆದುಕೊಳ್ಳಿ. ತಕರಾರು ಬಂದಾಗ ಆ ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ನೋಡಿ, ಒಂದು ಸರಿ ಮಾಡಿ ಓಡಿಸಿ ನೋಡಿದ ಮೇಲೆಯೇ ಮುಂದಿನದು. ಒಮ್ಮೆಲೇ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ತಿಳಿಯುವುದಿಲ್ಲ.

ಸರ್ವಿಸ್ ಆದ ಮರುದಿನ ಮಾತ್ರ ಎರಡು ಟ್ರೇಲರ್ ಕಟ್ಟಿಕೊಂಡು ರಸ್ತೆಗೆ ಇಳಿಯಬೇಡಿ. ಒಂದು ದಿನ ಹೊಲದಲ್ಲಿ ರೋಟಾವೇಟರ್ ಹೊಡೆದು ನೋಡಿ, ಟಾಕಿ ಅರ್ಧಕ್ಕೆ ಇಳಿಯುವವರೆಗೆ ಓಡಿಸಿ. ನಮ್ಮ ಕಬ್ಬಿನ ಟ್ರೇಲರ್‌ಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ. ಏರಿನಲ್ಲಿ ಎಂಜಿನ್ ನಿಂತರೆ ಹಿಂದಿನ ತೂಕ ಗಾಡಿಯನ್ನೇ ಹಿಂದಕ್ಕೆ ಎಳೆಯುತ್ತದೆ. ಹಾಗೆ ನಿಂತೇಬಿಟ್ಟರೆ ಬ್ರೇಕ್ ಹಿಡಿದು ಗೇರಿನಲ್ಲೇ ಇಡಿ, ಜೊತೆಗಿದ್ದವರು ಪಕ್ಕದಿಂದ ಬಂದು ಗಾಲಿಗಳ ಹಿಂದೆ ಕಲ್ಲು ಇಡಲಿ, ಟ್ರೇಲರ್ ಹಿಂದೆ ನಿಂತು ಯಾರೂ ತಳ್ಳಬಾರದು. ರಾತ್ರಿಯಾದರೆ ಐವತ್ತು ಹೆಜ್ಜೆ ಹಿಂದೆ ಒಬ್ಬರು ಬ್ಯಾಟರಿ ಹಿಡಿದು ನಿಲ್ಲಲಿ. ಗಾಜಿನ ಬಟ್ಟಲು ನೋಡುವುದು ಅದೆಲ್ಲ ಆದ ಮೇಲೆ.