ಹೆಸರು ನಮ್ಮದು, ಲೆಕ್ಕ ಯಾರದು?



2025ರ ಪ್ರೊ ಕಬಡ್ಡಿ ಮುಗಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, “ಸಾರ್, ನಮ್ಮ ಬುಲ್ಸು ಪ್ಲೇಆಫಿಗೆ ಹೋಗಿತ್ತಲ್ಲ, ಇನ್ನಾದ್ರೂ ನಿಮ್ಮ ಕೋಪ ಇಳೀತಾ?” ಎಂದು ಕೇಳಿದ. ಇಳಿದಿಲ್ಲ ಎಂದೆ. ಅವನು ನಕ್ಕು ಮಾತು ಬದಲಿಸಿದ. ಏಕೆ ಇಳಿದಿಲ್ಲವೆಂಬುದನ್ನು ದೂರವಾಣಿಯಲ್ಲಿ ಹೇಳಿ ಮುಗಿಸಲಾಗದು; ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರು ಬುಲ್ಸ್ ತಂಡವನ್ನು ಪ್ರೀತಿಸುವವರಿಗೆ ನನ್ನ ಮಾತು ಕಹಿಯೆನಿಸಬಹುದು. ನಾನೂ ಅವರಲ್ಲೊಬ್ಬನೆಂಬುದನ್ನು ನೆನಪಿಟ್ಟು ಓದಿರಿ.

ನಮ್ಮ ಶೀಳನೆರೆ ಸೀಮೆಯಲ್ಲಿ ಕಬಡ್ಡಿಗೆ ಹಣ ಬೇಕಿರಲಿಲ್ಲ. ಕೊಯ್ಲು ಮುಗಿದ ಗದ್ದೆಯೋ ಶಾಲೆಯ ಅಂಗಳವೋ ಸಾಕಿತ್ತು. ಗೆರೆ ಎಳೆಯಲು ಒಂದು ಹಿಡಿ ಸುಣ್ಣದ ಪುಡಿ. ಕ್ರಿಕೆಟ್ ಆಡಬೇಕೆಂದರೆ ಯಾರಾದರೊಬ್ಬರು ಬ್ಯಾಟು ತರಬೇಕಿತ್ತು, ತಂದವನೇ ನಾಯಕನಾಗುತ್ತಿದ್ದ. ಕಬಡ್ಡಿಯಲ್ಲಿ ಆಡಬಲ್ಲವನೇ ನಾಯಕ. ಹೋಬಳಿ ಮಟ್ಟದ ಕ್ರೀಡಾಕೂಟಗಳಲ್ಲಿ ಪೀಪಿ ಕಟ್ಟಿಕೊಂಡು ನಿಂತು, ಮೊಣಕಾಲು ತರಚಿಕೊಂಡು ಎದ್ದು ಬರುತ್ತಿದ್ದ ಹುಡುಗರನ್ನು ನಾನು ನೋಡಿದ್ದೇನೆ. ನಿಮ್ಮಲ್ಲಿ ಕೆಲವರು ಆ ಹುಡುಗರೇ. ಹೀಗಿರುವಾಗ 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ, ಮಣ್ಣಿನ ಆಟವು ಮ್ಯಾಟಿನ ಮೇಲೆ ದೂರದರ್ಶನದ ಪರದೆಗೆ ಬಂದಾಗ, ಹಳ್ಳಿಯ ಆಟಕ್ಕೂ ಒಂದು ಮರ್ಯಾದೆ ದೊರೆಯಿತೆಂದು ನಾನು ಹಿಗ್ಗಿದ್ದು ಸುಳ್ಳಲ್ಲ. ಆ ಮೊದಲ ವರ್ಷದಿಂದಲೂ ಬುಲ್ಸ್ ತಂಡ ನಮ್ಮ ರಾಜಧಾನಿಯ ಹೆಸರನ್ನು ಹೊತ್ತು ಆಡುತ್ತಿದೆ.

ಆ ತಂಡ ಏನನ್ನೂ ಸಾಧಿಸಲಿಲ್ಲವೆಂದು ಹೇಳಿದರೆ ಅಪಚಾರವಾದೀತು. 2015ರಲ್ಲಿ ಫೈನಲ್ ತಲುಪಿ ಯು ಮುಂಬಾ ತಂಡಕ್ಕೆ ಸೋತಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಆರನೆಯ ಆವೃತ್ತಿಯ ಫೈನಲ್‌ನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅಂದು ಪವನ್ ಸೆಹ್ರಾವತ್ ಒಬ್ಬನೇ ಗಳಿಸಿದ ಅಂಕಗಳು 22. ಮುಂದಿನ ಮೂರು ಆವೃತ್ತಿಗಳಲ್ಲಿಯೂ ತಂಡ ಸೆಮಿಫೈನಲ್‌ವರೆಗೆ ಹೋಯಿತು. ಆಮೇಲೆ ಇಳಿತ ತೊಡಗಿತು. ಹತ್ತನೆಯ ಆವೃತ್ತಿಯಲ್ಲಿ ಪ್ಲೇಆಫ್ ಕೈತಪ್ಪಿತು. 2024ರ ಹನ್ನೊಂದನೆಯ ಆವೃತ್ತಿಯಲ್ಲಿ 22 ಪಂದ್ಯಗಳನ್ನಾಡಿ ಗೆದ್ದದ್ದು ಎರಡೇ ಎರಡು; ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ.

ಸೋಲು ಅವಮಾನವಲ್ಲ. ಆಟವೆಂದ ಮೇಲೆ ಒಬ್ಬರು ಸೋಲಲೇಬೇಕು. ನನ್ನ ತಕರಾರು ಇರುವುದು ಸೋಲಿನ ಬಗ್ಗೆ ಅಲ್ಲ, ಸೋಲನ್ನು ಕಟ್ಟಿದ ನಿರ್ಧಾರಗಳ ಬಗ್ಗೆ.

ಮೊದಲನೆಯ ನಿರ್ಧಾರ. 2022ರ ಹರಾಜಿಗೆ ಮುನ್ನ ಆಡಳಿತ ಮಂಡಳಿಯು ಪವನ್‌ನನ್ನು ಉಳಿಸಿಕೊಳ್ಳಲಿಲ್ಲ. 2019ರಲ್ಲಿ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ಗಳಿಸಿ ಲೀಗಿನ ದಾಖಲೆ ಬರೆದಿದ್ದ, ತಂಡದ ನಾಯಕನೂ ಆಗಿದ್ದ ಆಟಗಾರ ಆತ. ತಮಿಳ್ ತಲೈವಾಸ್ ಅವನನ್ನು 2 ಕೋಟಿ 26 ಲಕ್ಷ ರೂಪಾಯಿಗೆ ಕೊಂಡಿತು. ಅವನು ಅಲ್ಲಿ ಮೊದಲ ಪಂದ್ಯದಲ್ಲಿಯೇ ಗಾಯಗೊಂಡು ಹೊರಬಿದ್ದ, ಬುಲ್ಸ್ ಆ ವರ್ಷ ಸೆಮಿಫೈನಲ್ ತಲುಪಿತು. ಆದ್ದರಿಂದ ಬಿಟ್ಟದ್ದೇ ಸರಿಯಾಯಿತೆಂದು ವಾದಿಸುವವರಿದ್ದಾರೆ. ಒಪ್ಪುತ್ತೇನೆ, ಆದರೆ ಗಾಯವನ್ನು ಮುಂಗಂಡು ಯಾರೂ ಬಿಟ್ಟಿರಲಿಲ್ಲ. ಹಾದಿಯಲ್ಲಿ ಸಿಕ್ಕ ಅದೃಷ್ಟವನ್ನು ದೂರದೃಷ್ಟಿ ಎಂದು ಕರೆಯಲಾಗದು. ಹೋಗಲಿ, ಅವನ ನಂತರ ತಂಡವನ್ನು ಯಾರ ಸುತ್ತ ಕಟ್ಟಬೇಕೆಂಬ ಯೋಜನೆಯಾದರೂ ಇತ್ತೇ? ಎರಡೇ ವರ್ಷದಲ್ಲಿ ಕೊನೆಯ ಸ್ಥಾನಕ್ಕೆ ಇಳಿದದ್ದೇ ಉತ್ತರ.

ಎರಡನೆಯದು ಪ್ರದೀಪ್ ನರ್ವಾಲನ ಕಥೆ. ಈತ ಈ ಲೀಗಿಗೆ ಕಾಲಿಟ್ಟದ್ದೇ 2015ರಲ್ಲಿ, ಬುಲ್ಸ್ ತಂಡದಲ್ಲಿ. ಎಳೆಯ ಹುಡುಗ. ಮರು ಆವೃತ್ತಿಗೆ ಪಾಟ್ನಾಕ್ಕೆ ಹೋದ. ಅಲ್ಲಿ ಸಾಲಾಗಿ ಮೂರು ಆವೃತ್ತಿಗಳಲ್ಲಿ ಪ್ರಶಸ್ತಿ ಗೆದ್ದು, ಲೀಗಿನ ಅತ್ಯಂತ ದೊಡ್ಡ ರೈಡರ್ ಎನಿಸಿಕೊಂಡ. ಅವನ ಉತ್ತಮ ವರ್ಷಗಳೆಲ್ಲ ಪರರ ಪಾಲಾದ ಮೇಲೆ, 2024ರಲ್ಲಿ ಬುಲ್ಸ್ ಅವನನ್ನು 70 ಲಕ್ಷಕ್ಕೆ ಕೊಂಡು ನಾಯಕನ ಪಟ್ಟ ಕಟ್ಟಿತು. ಮುಂದಿನ ವರ್ಷದ ಹರಾಜಿನಲ್ಲಿ ಅವನನ್ನು ಕೊಳ್ಳುವವರೇ ಇರಲಿಲ್ಲ, ನಿವೃತ್ತನಾದ. ಆ ಆಟಗಾರನನ್ನು ನಾನು ದೂಷಿಸುವುದಿಲ್ಲ. ವಯಸ್ಸು ಯಾರನ್ನೂ ಬಿಡುವುದಿಲ್ಲ. ಪೈರಿನಲ್ಲಿದ್ದಾಗ ಗುರುತಿಸದೆ, ಕೊಯ್ಲಾದ ಮೇಲೆ ಕೂಳೆಯನ್ನು ಕೊಂಡು ತಂದವರನ್ನು ದೂಷಿಸುತ್ತೇನೆ.

ಮೂರನೆಯದು ನನ್ನನ್ನು ಹೆಚ್ಚು ನೋಯಿಸಿದ್ದು. ಬಿ. ಸಿ. ರಮೇಶ್ ನಮ್ಮ ಕನ್ನಡದವರು, ಅರ್ಜುನ ಪ್ರಶಸ್ತಿ ಪಡೆದ ಆಟಗಾರರು. 2019ರ ಜನವರಿಯಲ್ಲಿ ಬುಲ್ಸ್ ಗೆದ್ದಾಗ ತರಬೇತುದಾರರ ಬಳಗದಲ್ಲಿ ಅವರಿದ್ದರು. ಮರು ಆವೃತ್ತಿಗೆ ಬೆಂಗಾಲ್ ವಾರಿಯರ್ಸ್ ಸೇರಿ, ಅದೇ ವರ್ಷದ ಅಕ್ಟೋಬರಿನಲ್ಲಿ ಆ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟರು. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೂ ಗೆದ್ದುಕೊಟ್ಟರು. ಬಂಗಾಳಕ್ಕೆ ಗೊತ್ತಿತ್ತು, ಪುಣೆಗೆ ಗೊತ್ತಿತ್ತು. ಬೆಂಗಳೂರಿಗೆ ಮಾತ್ರ ಹಿತ್ತಲ ಗಿಡ ಮದ್ದಾಗಲಿಲ್ಲ. ತಂಡ ಪಟ್ಟಿಯ ತಳ ಮುಟ್ಟಿದ ಮೇಲೆ, 2025ರಲ್ಲಿ, ಅವರನ್ನು ಮುಖ್ಯ ತರಬೇತುದಾರರನ್ನಾಗಿ ಕರೆತಂದರು. ಫಲ ಒಂದೇ ವರ್ಷದಲ್ಲಿ ಕಂಡಿತು. ಅಂದರೆ ಮದ್ದು ಇತ್ತು. ಅರೆದು ಕೊಡುವ ಮನಸ್ಸಿರಲಿಲ್ಲ.

ಇನ್ನೂ ಒಂದು ಚಿತ್ರ ನನ್ನ ಕಣ್ಣಿನಲ್ಲಿ ಉಳಿದಿದೆ. ಕೊರೊನಾದ ಕಾರಣ ಎಂಟನೆಯ ಆವೃತ್ತಿ ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೇ, ಪ್ರೇಕ್ಷಕರಿಲ್ಲದೆ ನಡೆಯಿತು. 2022ರ ಫೆಬ್ರವರಿ 25ರ ಫೈನಲ್‌ನಲ್ಲಿ ಪಾಟ್ನಾ ಪೈರೇಟ್ಸ್ ತಂಡವು ದಬಾಂಗ್ ದೆಹಲಿಗೆ ಒಂದೇ ಅಂಕದಿಂದ, 37-36ರಿಂದ ಸೋತಿತು. ಆ ಪಾಟ್ನಾ ತಂಡದ ನಾಯಕ ಯಾರು? ನಮ್ಮ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ. ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಕನ್ನಡಿಗನೊಬ್ಬ ಬಿಹಾರದ ತಂಡವನ್ನು ಮುನ್ನಡೆಸುತ್ತಿದ್ದ. ಅದಕ್ಕೂ ಮುಂಚೆ, 2017ರಲ್ಲಿ ಗುಜರಾತ್ ತಂಡವನ್ನು ಫೈನಲ್‌ವರೆಗೆ ಒಯ್ದ ಸುಕೇಶ್ ಹೆಗ್ಡೆಯೂ ಕನ್ನಡಿಗನೇ.

ಇದನ್ನು ಪ್ರಾಂತಾಭಿಮಾನದ ಕೂಗೆಂದು ತಿಳಿಯಬೇಡಿ. ಪವನ್ ದೆಹಲಿಯವನು, ನಾವು ಅವನನ್ನು ಮನೆಮಗನಂತೆ ಮೆಚ್ಚಲಿಲ್ಲವೇ? ಹನ್ನೊಂದು ಆವೃತ್ತಿಗಳವರೆಗೆ ತರಬೇತುದಾರರಾಗಿದ್ದ ರಣಧೀರ್ ಸಿಂಗ್ ಅವರೂ ಉತ್ತರದವರೇ, ಗೆದ್ದ ದಿನ ಅವರಿಗೂ ಜೈಕಾರ ಹಾಕಿದೆವು. ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವ ಲೀಗಿನಲ್ಲಿ ಏಳಕ್ಕೆ ಏಳೂ ಮಂದಿ ನಮ್ಮವರೇ ಇರಬೇಕೆನ್ನುವುದು ಮೂರ್ಖತನ. ಆದರೆ ಊರಿನ ಹೆಸರಿಟ್ಟುಕೊಂಡವರಿಗೆ ಊರಿನ ಆಟಗಾರರ ಪರಿಚಯವಾದರೂ ಇರಬೇಡವೇ?

ಹೆಸರಿನ ಮಾತು ಬಂದುದರಿಂದ ನೆಲದ ಮಾತನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಬುಲ್ಸ್ ತನ್ನ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. 2023ರ ಡಿಸೆಂಬರಿನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪಂದ್ಯಗಳು ನಡೆದವು. 2024ರ ಆವೃತ್ತಿ ಹೈದರಾಬಾದ್, ನೋಯ್ಡಾ, ಪುಣೆಗಳಲ್ಲಿ. 2025ರದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ. ಊರುಗಳನ್ನು ಆರಿಸುವುದು ಲೀಗಿನವರು, ತಂಡದವರಲ್ಲ. ಆ ತಪ್ಪನ್ನು ಬುಲ್ಸ್ ತಲೆಗೆ ಕಟ್ಟಲಾರೆ. ಆದರೆ ನಮ್ಮೂರಿಗೂ ಪಂದ್ಯ ಕೊಡಿರೆಂದು ಗಟ್ಟಿಯಾಗಿ ಕೇಳುವ ಹೊಣೆ ಅವರದಲ್ಲದೆ ಇನ್ನಾರದು?

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ತರಬೇತುದಾರರು ಬದಲಾದರು, ತಂಡ ಮೇಲೆದ್ದಿತು, ಇನ್ನೇನು ಕೋಪ? ಶಾಲೆಯಲ್ಲಿ ಬದುಕು ಸವೆಸಿದವನಿಗೆ ಈ ನಾಟಕ ಹೊಸದಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಟ್ಟಾಗ ಮೇಲಿನವರು ಮಾಡುವ ಮೊದಲ ಕೆಲಸ, ಮೇಷ್ಟರಿಂದ ವಿವರಣೆ ಕೇಳುವುದು. ಗಣಿತದ ಹುದ್ದೆ ಖಾಲಿ ಬಿಟ್ಟವರು ಯಾರು, ಪುಸ್ತಕ ತಡವಾಗಿ ಕಳಿಸಿದವರು ಯಾರು ಎಂಬ ವಿವರಣೆಯನ್ನು ಯಾರೂ ಯಾರಿಂದಲೂ ಕೇಳುವುದಿಲ್ಲ. ಮರುವರ್ಷ ಹೊಸ ಮೇಷ್ಟರು ಬಂದು, ಬೆವರು ಸುರಿಸಿ ಫಲಿತಾಂಶ ತಂದರೆ, ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವವರು ಆ ಮೇಲಿನವರೇ. ರಣಧೀರ್ ಸಿಂಗ್ ಹೋದರು, ರಮೇಶ್ ಬಂದರು. 2022ರಲ್ಲಿ ಕೈಬಿಟ್ಟವರು, 2024ರಲ್ಲಿ ಕೊಂಡುತಂದವರು ಮಾತ್ರ ಯಾವ ಪ್ರಶ್ನೆಗೂ ಸಿಗಲಿಲ್ಲ.

ಇದು ಖಾಸಗಿ ವ್ಯಾಪಾರ, ನಿಮಗೇಕೆ ಲೆಕ್ಕ ಒಪ್ಪಿಸಬೇಕೆಂದು ಕೇಳಬಹುದು. ವ್ಯಾಪಾರ ಖಾಸಗಿಯೇ ಇರಲಿ, ಬೆಂಗಳೂರೆಂಬ ಹೆಸರು ಖಾಸಗಿಯಲ್ಲ. ಆ ಹೆಸರನ್ನು ಕೇಳಿಯೇ ನಮ್ಮ ಹಳ್ಳಿಯ ಹುಡುಗ ರಾತ್ರಿ ಪಂದ್ಯ ನೋಡಲು ಕೂರುತ್ತಾನೆ. ಅವನು ಕೂರುತ್ತಾನೆಂದೇ ಜಾಹೀರಾತಿನವರು ಹಣ ಕೊಡುತ್ತಾರೆ. ಅವನಿಗೆ ಉತ್ತರ ಸಲ್ಲಬೇಕು.

ನಾನು ಕೇಳುವುದು ಹೆಚ್ಚೇನಲ್ಲ. ಪ್ರತಿ ಆವೃತ್ತಿಯ ಕೊನೆಗೆ ಮಾಲೀಕರು ಯಾರನ್ನು ಏಕೆ ಉಳಿಸಿಕೊಂಡರು, ಏಕೆ ಬಿಟ್ಟರು ಎಂಬುದನ್ನು ಕನ್ನಡದಲ್ಲಿ ನಾಲ್ಕು ಮಾತು ಹೇಳಲಿ. ರಮೇಶ್ ಅವರಿಗೆ ಕನಿಷ್ಠ ಮೂರು ಆವೃತ್ತಿಗಳ ಅವಕಾಶ ಕೊಡಲಿ; ಒಂದು ಸೋಲಿಗೆ ಅವರ ಮೇಲೆ ಭಾರ ಹೊರಿಸಿ ಪಾರಾಗದಿರಲಿ. ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳಿಗೆ ವರ್ಷಕ್ಕೊಮ್ಮೆಯಾದರೂ ಕಣ್ಣುಳ್ಳ ಒಬ್ಬರನ್ನು ಕಳಿಸಲಿ. ಮಂಡ್ಯಕ್ಕೂ ಬರಲಿ. ಬಂದವರಿಗೆ ಊಟ ಹಾಕುವ ಹೊಣೆ ನನ್ನದು.

ಅಲ್ಲಿಯವರೆಗೆ ನಾನು ಪ್ರತಿ ಪಂದ್ಯವನ್ನೂ ನೋಡುತ್ತೇನೆ, ಗೆದ್ದರೆ ಸಂತೋಷಪಡುತ್ತೇನೆ, ಕೋಪವನ್ನೂ ಹಾಗೆಯೇ ಇಟ್ಟುಕೊಂಡಿರುತ್ತೇನೆ. ಚೆನ್ನಾಗಿ ಓದಬಲ್ಲ ಹುಡುಗ ಓದದೆ ಕುಳಿತಾಗ ಮಾತ್ರ ನಾನು ಬೈಯುತ್ತಿದ್ದೆನೆಂಬುದು ನಿಮಗೆಲ್ಲ ಗೊತ್ತೇ ಇದೆ.